ಮಸಿ ಹಿಡಿದ ಪ್ಲಗ್



ತರಕಾರಿ ಸಾಗಿಸುವ ಪೆಟ್ರೋಲ್ ಪಿಕಪ್ ಒಂದು ಏರು ಹತ್ತುವಾಗ ಎಳೆಯದೆ ಮುಗ್ಗರಿಸುತ್ತದೆ. (ಡೀಸೆಲ್ ಗಾಡಿಯವರಿಗೆ ಈ ಕಾಟವಿಲ್ಲ, ಅದರಲ್ಲಿ ಸ್ಪಾರ್ಕ್ ಪ್ಲಗ್ಗೇ ಇಲ್ಲ!) ಚಾಲಕ ಪ್ಲಗ್ ಬಿಚ್ಚಿ, ಉಜ್ಜಿ, ಹಾಕುತ್ತಾನೆ. ನಾಲ್ಕು ದಿನ ಸರಿ, ಮತ್ತೆ ಅದೇ ಪಾಡು. ಹೊಸದು ಹಾಕಿದರೂ ಅಷ್ಟೇ.

ಅನುಭವಿ ಮೆಕ್ಯಾನಿಕ್ ಮೊದಲು ಪ್ಲಗ್ಗಿನ ತುದಿ ನೋಡುತ್ತಾನೆ. ತಿಳಿ ಕಂದು ಬಣ್ಣವಿದ್ದರೆ ಎಂಜಿನ್ ಆರೋಗ್ಯವಾಗಿದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ಕಟ್ಟಿರಬಹುದು. ಎಣ್ಣೆ ಜಿಡ್ಡಿದ್ದರೆ ಸವೆದ ಪಿಸ್ಟನ್ ರಿಂಗನ್ನೋ ವಾಲ್ವ್ ಸೀಲನ್ನೋ ದಾಟಿ ಆಯಿಲ್ ಒಳಗೆ ಇಳಿಯುತ್ತಿದೆ. ತಪ್ಪು ಪ್ಲಗ್ಗಿನದಲ್ಲ.

"ಹೆಂಡತಿಯನ್ನು ಬೈದೆ, ಮಕ್ಕಳ ಮೇಲೆ ಕೈ ಮಾಡಿದೆ" ಎಂದು ನಮ್ಮಲ್ಲಿ ಎಷ್ಟೋ ಮಂದಿ ಪ್ರತಿ ಪಾಪನಿವೇದನೆಯಲ್ಲೂ ಅದನ್ನೇ ಒಪ್ಪಿಸುತ್ತೇವೆ. ದೇವರ ಕ್ಷಮೆ ನಿಜವಾದುದೇ, ಸಂದೇಹ ಬೇಡ. ಆದರೆ ಆ ಕೋಪಕ್ಕೆ ಎಣ್ಣೆ ಎಲ್ಲಿಂದ ಇಳಿಯುತ್ತಿದೆ? ಮನೆಯವರಿಗೆ ಮುಚ್ಚಿಟ್ಟ ಸಾಲವೇ? ಸಂಜೆಯ ಕುಡಿತವೇ? ಅಣ್ಣನೊಡನೆ ಜಮೀನಿನ ಹಗೆಯೇ? ಕೆಡುಕು ಮನುಷ್ಯನ ಹೃದಯದೊಳಗಿಂದಲೇ ಹೊರಡುತ್ತದೆಂದು ಪ್ರಭು ಯೇಸು ಕಲಿಸಿದ್ದು ಮಾರ್ಕನ ಶುಭಸಂದೇಶದ 7ನೇ ಅಧ್ಯಾಯದಲ್ಲಿದೆ.

ರಿಂಗ್ ಬದಲಿಸಲು ಎಂಜಿನ್ನನ್ನೇ ಬಿಚ್ಚಬೇಕು. ಗಾಡಿ ಕೆಲವು ದಿನ ನಿಲ್ಲುತ್ತದೆ, ಖರ್ಚೂ ಇದೆ. ಈ ಸಲ ಪಾಪನಿವೇದನೆಗೆ ಹೊರಡುವ ಮುನ್ನ, ಮಕ್ಕಳು ಮಲಗಿದ ಮೇಲೆ, ಆ ಸಾಲದ ಲೆಕ್ಕವನ್ನು ಹೆಂಡತಿಯ ಮುಂದೆ ಬಿಚ್ಚಿಡಿ.