ಅಡ್ಡ ಬಂದ ನಕ್ಷತ್ರ

ಹುಣಸೂರು ಬಳಿಯ ಗುರುಪುರದ ಸುತ್ತ ಹೊಗೆಸೊಪ್ಪು ಬೇಯಿಸುವ ದಿನಗಳಲ್ಲಿ ಬ್ಯಾರನ್ ಮನೆಯ ಬಾಗಿಲನ್ನು ಬೇಕೆಂದಾಗ ತೆಗೆಯುವಂತಿಲ್ಲ. ಒಳಗಿನ ಬಿಸಿಯನ್ನು ಹೊರಗೆ ನಿಂತೇ ಥರ್ಮಾಮೀಟರಿನಲ್ಲಿ ಓದಬೇಕು. ಕ್ವೇಸಾರ್‌ನ ಒಡಲು ಓದುವವರ ಪಾಡೂ ಅದೇ. ಅವರ ಬಾಗಿಲು ನೂರಾರು ಕೋಟಿ ಜ್ಯೋತಿರ್ವರ್ಷ ಆಚೆ ಇದೆ.

ಕ್ವೇಸಾರ್ ಎಂದರೆ ದೈತ್ಯ ಕಪ್ಪುಕುಳಿಯ ಸುತ್ತ ಕಾದು ಬೆಳಗುವ ಅನಿಲದ ತಟ್ಟೆ. ಎಷ್ಟೇ ದೊಡ್ಡ ದೂರದರ್ಶಕಕ್ಕೂ ಅದು ಬರೀ ಚುಕ್ಕಿ. ನಡುವೆ ಗೆಲಾಕ್ಸಿಯೊಂದು ಬಂದರೆ ಬೆಳಕು ಬಾಗಿ, ಒಂದೇ ಕ್ವೇಸಾರ್ ಎರಡಾಗಿ, ನಾಲ್ಕಾಗಿ ಕಾಣುತ್ತದೆ. ಮೊದಲ ಜೋಡಿ ಸಿಕ್ಕಿದ್ದು 1979ರಲ್ಲಿ.

ಆ ಗೆಲಾಕ್ಸಿಯ ನಕ್ಷತ್ರವೊಂದು ದಾರಿಗೆ ಅಡ್ಡ ಸರಿದರೆ ಒಂದು ಬಿಂಬ ಮಾತ್ರ ತಿಂಗಳು, ವರ್ಷಗಟ್ಟಲೆ ಏರಿಳಿಯುತ್ತದೆ. ಉಳಿದವು ತಮ್ಮ ಪಾಡಿಗಿರುತ್ತವೆ. ಈ ಏರಿಳಿತವೇ ಅಳತೆಗೋಲು.

ತಟ್ಟೆಯ ಒಳಭಾಗ ಬಿಸಿ, ನೀಲಿ, ಕಿರಿದು. ಕಿರಿದಾದದ್ದೇ ಹೆಚ್ಚು ಅಲುಗುವುದು. ಹಾಗಾಗಿ ನೀಲಿ ಬೆಳಕು ಕೆಂಪಿಗಿಂತ ಜೋರಾಗಿ ಏರಿಳಿಯುತ್ತದೆ. ಎಕ್ಸ್-ಕಿರಣ ಇನ್ನೂ ಜೋರು.

ಅಳೆದಾಗ ತಟ್ಟೆ ಪುಸ್ತಕದ ಲೆಕ್ಕಕ್ಕಿಂತ ಎರಡು-ಮೂರು ಪಟ್ಟು ದೊಡ್ಡದೆಂದು ಕಂಡಿತು. ಆಕಾಶ ಒಪ್ಪದ ಮೇಲೆ ತಿದ್ದಬೇಕಾದದ್ದು ಲೆಕ್ಕವನ್ನೇ. ಆ ಕೆಲಸ ಇನ್ನೂ ಮುಗಿದಿಲ್ಲ.

ಇಂಥ ಬಿಂಬಗಳನ್ನು ನಮ್ಮಲ್ಲೂ ನೋಡಿದ್ದಾರೆ. ಲಡಾಖಿನ ಹಾನ್ಲೆಯಲ್ಲಿ, 4500 ಮೀಟರ್ ಎತ್ತರದಲ್ಲಿ, ಹಿಮಾಲಯನ್ ಚಂದ್ರ ದೂರದರ್ಶಕವಿದೆ. ಅದನ್ನು ಉಪಗ್ರಹದ ಮೂಲಕ ನಡೆಸುವವರು ಕೂರುವುದು ನಮ್ಮ ಹೊಸಕೋಟೆಯಲ್ಲಿ. ಎಸ್‌ಡಿಎಸ್‌ಎಸ್ ಜೆ1001+5027 ಎಂಬ ಜೋಡಿ ಕ್ವೇಸಾರ್‌ನ ಒಂದು ಬಿಂಬ, ಬೆಳಕಿನ ದಾರಿ ಬೇರೆಯಾದ್ದರಿಂದ, ಇನ್ನೊಂದಕ್ಕಿಂತ ಸುಮಾರು 119 ದಿನ ತಡವಾಗಿ ಬದಲಾಗುತ್ತದೆಂದು 2013ರಲ್ಲಿ ಪ್ರಕಟವಾಯಿತು. ಅದಕ್ಕೆ ಹಾನ್ಲೆಯ ಚಿತ್ರಗಳೂ ಆಧಾರ. ಆ ತಡವನ್ನು ಅಳೆಯಲು ಅಡ್ಡ ಬಂದ ನಕ್ಷತ್ರಗಳ ಏರಿಳಿತವನ್ನು ಸೋಸಿ ತೆಗೆಯಬೇಕಾಯಿತು. ತಟ್ಟೆ ಅಳೆಯುವವರಿಗೆ ಬೇಕಾದದ್ದು ಆ ಸೋಸಿ ತೆಗೆದದ್ದೇ!

ಗದ್ದಲವೆಂದು ಬಿಸಾಡುವ ಮೊದಲು, ಅದು ಯಾರಿಗೆ ಸುದ್ದಿ ಎಂದು ಕೇಳಿಕೊಳ್ಳಬೇಕು.

ನಕ್ಷತ್ರ ಸರಿಯಲು ವರ್ಷಗಳೇ ಹಿಡಿಯುತ್ತವೆ. ಒಬ್ಬ ವಿದ್ಯಾರ್ಥಿ ಶುರು ಮಾಡಿದ ಏರಿಳಿತದ ರೇಖೆಯನ್ನು ಮುಂದಿನವರು ಎಳೆಯುತ್ತಾರೆ. ಇಂಥ ಕೆಲಸಕ್ಕೆ ದುಡ್ಡು ಕೊಡುವವರಿಗೂ ತಾಳ್ಮೆ ಬೇಕು.

ಐನ್‌ಸ್ಟೈನ್ ಶಿಲುಬೆ ಎಂಬ ನಾಲ್ಕು ಬಿಂಬದ ಕ್ವೇಸಾರ್‌ನಲ್ಲಿ ಈ ಏರಿಳಿತ ಕಂಡ ವರದಿ ಬಂದದ್ದು 1989ರಲ್ಲಿ. ಐದು ವರ್ಷ ಮೊದಲೇ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರಾಜಾರಾಂ ನಿತ್ಯಾನಂದ ಮತ್ತು ಪ್ರಿನ್ಸ್‌ಟನ್ನಿನ ಓಸ್ಟ್ರೈಕರ್, ಗೆಲಾಕ್ಸಿಯ ನಕ್ಷತ್ರಗಳು ಬೆಳಕನ್ನು ಬಾಗಿಸುವ ಗಣಿತವನ್ನು ಬರೆದಿದ್ದರು. ಅದು ಅಚ್ಚಾದದ್ದು ಭಾರತೀಯ ವಿಜ್ಞಾನ ಅಕಾಡೆಮಿ ಬೆಂಗಳೂರಿನಿಂದ ತರುವ ಖಗೋಳ ಪತ್ರಿಕೆಯಲ್ಲಿ. ಅದರ ಹಳೆಯ ಸಂಚಿಕೆಗಳು ಅಕಾಡೆಮಿಯ ಜಾಲತಾಣದಲ್ಲಿ ಬಿಟ್ಟಿ ಸಿಗುತ್ತವೆ. ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಬಿಎಸ್ಸಿ ಓದುವ ಮಕ್ಕಳೇ, ಒಮ್ಮೆ ತೆರೆದು ನೋಡಿ.