ಮಗಳು ಎದ್ದು ನಡೆಯಲಿ



ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಮೂಡಲಗಿ ಕಡೆಯ ರೈತರೊಬ್ಬರು ದೇವಾಲಯದ ಬಾಗಿಲ ಬಳಿ ಕಾದು ನಿಂತಿದ್ದರು. "ಫಾದರ್, ಮಗಳು ದೊಡ್ಡಾಕಿ ಆಗ್ಯಾಳ್ರಿ. ಎಸ್ಸೆಸ್ಸೆಲ್ಸಿ ಪಾಸಾತು. ಮುಂದ ಗೋಕಾಕದ ಕಾಲೇಜಿಗೆ ಹೋಗತೀನಿ ಅಂತಾಳ. ಹುಕ್ಕೇರಿ ಕಡೆ ನೆಂಟರು ನಮ್ಮ ಹುಡುಗಗ ಕೊಡ್ರಿ ಅಂತಾರ. ನನಗ ರಾತ್ರಿ ನಿದ್ದಿ ಬರವಲ್ದ್ರಿ" ಎಂದರು.

ನನಗೆ ಮಗಳಿಲ್ಲ. ಆ ತಂದೆಯ ಭಯವನ್ನು ಹಗುರವಾಗಿ ಕಾಣುವ ಹಕ್ಕೂ ನನಗಿಲ್ಲ. ನಿನ್ನೆ ಮೊನ್ನೆ ಹೆಗಲ ಮೇಲಿದ್ದ ಕೂಸು ಇಂದು ಒಬ್ಬಳೇ ಬಸ್ಸು ಹತ್ತುವಾಗ ಯಾವ ತಂದೆಯ ಎದೆ ನಡುಗದು? ಆದರೆ ಆ ದಿನ ನನಗೆ ಸಂತ ಮಾರ್ಕನ ಶುಭಸಂದೇಶದ 5ನೆಯ ಅಧ್ಯಾಯದ ಯಾಯೀರ ನೆನಪಾದನು.

ಯಾಯೀರ ಪ್ರಾರ್ಥನಾಮಂದಿರದ ಅಧಿಕಾರಿ, ಊರಿಗೆ ದೊಡ್ಡವನು. ಆದರೂ 12 ವರ್ಷದ ಮಗಳಿಗಾಗಿ ಎಲ್ಲರ ಮುಂದೆ ಯೇಸುಸ್ವಾಮಿಯ ಪಾದಕ್ಕೆ ಬಿದ್ದನು. ಇದೇ ಮೂಡಲಗಿಯಲ್ಲಿ 2022ರ ಜೂನ್ ತಿಂಗಳಲ್ಲಿ ಏಳು ಭ್ರೂಣಗಳು ಡಬ್ಬಿಗಳಲ್ಲಿ ಸಿಕ್ಕವು. ಲಿಂಗಪತ್ತೆ ನಡೆದಿರಬೇಕೆಂದು ಆರೋಗ್ಯಾಧಿಕಾರಿಗಳು ಶಂಕಿಸಿದರು. ಆ ಸುದ್ದಿ ಕೇಳಿ ನಾವೆಲ್ಲ ಮರುಗಿದೆವು. ಆದರೆ ಹುಟ್ಟಲು ಬಿಟ್ಟ ಮಗಳನ್ನು ಹದಿನಾರಕ್ಕೇ ಸಾಕು ಎಂದು ನಿಲ್ಲಿಸಿಬಿಟ್ಟರೆ, ನಮ್ಮ ಮರುಕಕ್ಕೆ ಬೆಲೆ ಏನು?

ಯಾಯೀರನ ಮನೆಯಲ್ಲಿ ಸ್ವಾಮಿ ಮಾಡಿದ್ದನ್ನು ಗಮನಿಸಿರಿ. ಮೊದಲು, ಅತ್ತು ಗದ್ದಲ ಮಾಡುತ್ತಿದ್ದವರನ್ನೂ ನಕ್ಕವರನ್ನೂ ಹೊರಗೆ ಕಳುಹಿಸಿದರು. ಒಳಗೆ ಉಳಿದವರು ತಂದೆ, ತಾಯಿ ಮತ್ತು ಮೂವರು ಶಿಷ್ಯರು ಮಾತ್ರ. ಮಗಳ ಬಾಳನ್ನು ಕುರಿತು ನಿರ್ಧರಿಸುವಾಗ ಜನ ಏನಂದಾರು ಎಂಬ ಗದ್ದಲವನ್ನು ನಾವೂ ಹೊಸ್ತಿಲಾಚೆ ಇಡಬೇಕು. ಬಳಿಕ ಸ್ವಾಮಿ ಆಕೆಯ ಕೈ ಹಿಡಿದು ಏಳಲು ಹೇಳಿದರು. ಆಕೆ ಎದ್ದಳು, ನಡೆದಾಡಿದಳು. ಹಿಡಿದ ಕೈ ಕಟ್ಟಿಹಾಕಲಿಲ್ಲ, ನಡೆಸಿತು. ಕೊನೆಗೆ, ಆಕೆಗೆ ಊಟ ಕೊಡಲು ಹೇಳಿದರು. ನಡೆಯುವ ಮಗಳಿಗೆ ಉಣಿಸುವ ಕೆಲಸವನ್ನು ಮನೆಯವರಿಗೇ ಒಪ್ಪಿಸಿದರು.

ಘಟಪ್ರಭೆಯ ನೀರನ್ನು ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ತಡೆದು ನಿಲ್ಲಿಸಿದ್ದೇವೆ. ಅದು ಕೆಡಲೆಂದಲ್ಲ, ಹೊಲ ತಲುಪಲೆಂದು. ಅಣೆಕಟ್ಟಿಗೆ ಗೋಡೆ ಬೇಕು, ಬಾಗಿಲೂ ಬೇಕು. ತಂದೆಯ ಕಾಳಜಿಯೂ ಹಾಗೆಯೇ.

ಆ ರೈತರಿಗೆ ಎರಡು ಮಾತು ಹೇಳಿದೆ. 18 ತುಂಬದ ಹುಡುಗಿಯ ಮದುವೆ ಮಾಡಿಸುವುದು 2006ರ ಬಾಲ್ಯವಿವಾಹ ನಿಷೇಧ ಕಾಯಿದೆಯಂತೆ ಅಪರಾಧ. ಇನ್ನು 18 ತುಂಬಿದ ಮೇಲೂ ಮದುವೆಯನ್ನು ಮದುವೆಯಾಗಿಸುವುದು ವಧೂವರರ ಸ್ವಂತ ಒಪ್ಪಿಗೆ. ಅವರ ಬದಲಿಗೆ ಮತ್ತಾರೂ ಅದನ್ನು ಕೊಡಲಾರರೆಂದು ಧರ್ಮಸಭೆಯ ಕಾನೂನು ಸಂಹಿತೆಯ 1057ನೆಯ ವಿಧಿ ಹೇಳುತ್ತದೆ. "ಮಗಳನ್ನು ಕೇಳಿದಿರಾ?" ಎಂದೆ. ಅವರು ತಲೆ ತಗ್ಗಿಸಿದರು. "ಇಲ್ರಿ ಫಾದರ್. ಎಲ್ಲಾರ್ನೂ ಕೇಳೀನಿ, ಆಕೀನ್ನ ಬಿಟ್ಟು."

ಈಗ ಆ ಹುಡುಗಿ ಕಾಲೇಜಿಗೆ ಹೋಗುತ್ತಿದ್ದಾಳೆ. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಚಾರ್ಜಿನ ಚಿಂತೆ ಇರಲಿಲ್ಲ. ಬೇಕಾಗಿದ್ದದ್ದು ಅಪ್ಪನ ಒಪ್ಪಿಗೆ ಮಾತ್ರ. ಅಪ್ಪನ ಭಯ ಇನ್ನೂ ಹೋಗಿಲ್ಲ. ಸಂಜೆ ಬಸ್ಸು ಬರುವ ಹೊತ್ತಿಗೆ ನಿಲ್ದಾಣದಲ್ಲಿ ನಿಂತಿರುತ್ತಾರೆ. ಮನೆಯಲ್ಲಿ ತಾಯಿ ಬಿಸಿ ರೊಟ್ಟಿ ಬಡಿಯುತ್ತಿರುತ್ತಾಳೆ. ಸ್ವಾಮಿ ಯಾಯೀರನ ಮನೆಯವರಿಗೆ ಹೇಳಿದ್ದು ಇದನ್ನೇ ಅಲ್ಲವೇ?

ಪ್ರಿಯರೇ, ಇಂದು ರಾತ್ರಿ ಜಪಸರ ಮುಗಿದ ಮೇಲೆ ನಿಮ್ಮ ಮಗಳನ್ನು ಹತ್ತಿರ ಕೂರಿಸಿಕೊಂಡು, ನಿನ್ನ ಮನಸ್ಸಿನಲ್ಲಿ ಏನಿದೆ ಮಗಳೇ ಎಂದು ಕೇಳಿರಿ. ಅವಳು ಹೇಳುವುದನ್ನು ಪೂರ್ತಿ ಕೇಳಿರಿ. ಮಗನ ಮಾತನ್ನು ಹೃದಯದಲ್ಲಿಟ್ಟುಕೊಂಡು ಧ್ಯಾನಿಸಿದ ಮಾತೆ ಮರಿಯಮ್ಮನವರು ನಮ್ಮ ಮನೆಯ ಹೆಣ್ಣುಮಕ್ಕಳಿಗಾಗಿಯೂ ಅವರ ತಂದೆತಾಯಂದಿರಿಗಾಗಿಯೂ ಪ್ರಾರ್ಥಿಸಲಿ.