ಮೂವತ್ತೇಳನೇ ಪುಟದ ಚುಕ್ಕೆ

ಅವ್ವ ಓದಿದ ಕಾದಂಬರಿಗಳ ಪಟ್ಟಿ ಯಾವ ನೋಟ್‌ಬುಕ್ಕಿನಲ್ಲೂ ಇರಲಿಲ್ಲ. ಹೊಸಪೇಟೆಯ ಮೇನ್ ಬಜಾರಿನ ಹಿಂದಿನ ಓಣಿಯಲ್ಲಿದ್ದ ಬಾಡಿಗೆ ಲೈಬ್ರರಿಯ ಪುಸ್ತಕಗಳೊಳಗೇ ಅದು ಚದುರಿಕೊಂಡಿತ್ತು. ಒಂದು ಕಾದಂಬರಿ ಮುಗಿಯಿತೆಂದರೆ 37ನೇ ಪುಟ ತೆಗೆದು, ಪುಟದ ನಂಬರಿನ ಕೆಳಗೆ ಪೆನ್ಸಿಲಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದಳು. ಅಷ್ಟೇ. ಬಾಡಿಗೆ ಪುಸ್ತಕಕ್ಕೆ ಮುಖಪುಟ ಉಳಿಯುವುದು ಅಪರೂಪ. ಹರಿದದ್ದಕ್ಕೆ ಖಾಕಿ ರಟ್ಟು ಹಾಕಿ, ಮೇಲೊಂದು ನಂಬರು ಬರೆದು ಇಟ್ಟಿರುತ್ತಿದ್ದರು. ಮನೆಗೆ ತಂದು ಹತ್ತು ಪುಟ ತಿರುವಿದ ಮೇಲೆ ‘ಅಯ್ಯ, ಇದು ಓದಿದ್ದೇ’ ಅಂತ ಗೊತ್ತಾದರೆ ಆ ದಿನದ ಬಾಡಿಗೆ ದಂಡ. ಅದಕ್ಕೇ ಚುಕ್ಕೆ. ಸಂಜೆ ನನ್ನನ್ನು ಲೈಬ್ರರಿಗೆ ಕಳಿಸುವಾಗ ‘ಮೂವತ್ತೇಳು ನೋಡಿ ತಗಂಬಾರೋ’ ಅನ್ನುತ್ತಿದ್ದಳು. ಯಾಕೆ ಮೂವತ್ತೇಳೇ ಎಂದು ಒಮ್ಮೆ ಕೇಳಿದ್ದೆ. ಮೆಂಬರ್ ಆದ ವರ್ಷ ಅವಳಿಗೆ ಅಷ್ಟೇ ವಯಸ್ಸಾಗಿತ್ತಂತೆ.

ಅವಳೊಬ್ಬಳೇ ಅಲ್ಲ. 50ನೇ ಪುಟದಲ್ಲಿ ಯಾರದೋ ಕೂಡಿಸುವ ಚಿಹ್ನೆ, 11ರಲ್ಲಿ ಸಣ್ಣ ಹೂವು, ಕೊನೆಯ ಪುಟದ ಮೂಲೆಯಲ್ಲಿ ಇನ್ಯಾರದೋ ಇನಿಶಿಯಲ್. ತ್ರಿವೇಣಿಯವರ ‘ಬೆಕ್ಕಿನ ಕಣ್ಣು’ ಒಂದರಲ್ಲೇ ಐದಾರು ಮನೆಯ ಗುರುತು ಸಿಗುತ್ತಿತ್ತು. ಎದುರಿಗೆ ಸಿಕ್ಕರೆ ಗುರುತು ಹತ್ತದ ಹೆಂಗಸರು ಪುಸ್ತಕದೊಳಗೆ ಅಕ್ಕಪಕ್ಕದ ಮನೆಯವರಾಗಿದ್ದರು.

ನನ್ನದು ಮಾತ್ರ ಶಿಸ್ತಿನ ಪಟ್ಟಿ. ಕಾಲೇಜು ಸೇರಿದ ವರ್ಷ ರಟ್ಟಿನ ಉದ್ದ ನೋಟ್‌ಬುಕ್ಕು ತಂದು ಗೆರೆ ಹೊಡೆದು ಮನೆ ಮಾಡಿದೆ: ತಾರೀಖು, ಪುಸ್ತಕ, ಬರೆದವರು, ಎಲ್ಲಿ ಸಿಕ್ಕಿತು, ಒಂದು ಸಾಲಿನ ಮಾತು. ಮುಂದಿನಿಂದ ಓದಿದ್ದು, ಹಿಂದಿನಿಂದ ಓದಬೇಕಾದ್ದು. ಎರಡೂ ನಡುವೆಲ್ಲೋ ಕೂಡುತ್ತವೆ ಅಂದುಕೊಂಡಿದ್ದೆ. ಹಿಂದಿನದು ಓಡೋಡಿ ಬಂತು, ಮುಂದಿನದು ಕುಂಟುತ್ತಲೇ ಇದೆ.

ಮೊದಲ ಪುಟ ಈಗ ತೆಗೆದರೆ ನಗು ಬರುತ್ತದೆ. ‘ಮರಳಿ ಮಣ್ಣಿಗೆ’, ‘ಕಾನೂರು ಹೆಗ್ಗಡಿತಿ’, ‘ಸಂಸ್ಕಾರ’, ‘ವಂಶವೃಕ್ಷ’, ‘ಗ್ರಾಮಾಯಣ’. ಥೇಟ್ ಎಂ.ಎ. ಸಿಲೆಬಸ್ಸು. ಅದೇ ವರ್ಷ ನಾನು ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ರಾತ್ರಿ ಎರಡರವರೆಗೆ ಎದ್ದಿರುತ್ತಿದ್ದೆ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ಮನುಷ್ಯ, ಮುಗಿಯುವ ಮಾತೇ ಇರಲಿಲ್ಲ. ವಂಶಿಯವರು ಕನ್ನಡಕ್ಕೆ ತಂದ ಯಂಡಮೂರಿಯವರ ‘ತುಳಸಿದಳ’ ಓದಿ ಬಚ್ಚಲಿಗೆ ಹೋಗಲು ಹೆದರಿದ್ದೂ ಆಗಲೇ. ಇವು ಯಾವುವೂ ಪಟ್ಟಿಗೆ ಏರಲಿಲ್ಲ. ಯಾರಾದರೂ ನೋಡಿದರೆ? ನೋಡುವವರು ಯಾರೂ ಇರಲಿಲ್ಲ ಅನ್ನುವುದು ಬೇರೆ ಮಾತು. ನನ್ನ ನೋಟ್‌ಬುಕ್ಕಿಗೆ ನಾನೇ ಸುಳ್ಳು ಹೇಳಿದ್ದೆ. ಅವ್ವನ ಚುಕ್ಕೆ ಯಾವತ್ತೂ ಹೇಳಲಿಲ್ಲ. ಕಾರಂತರಿಗೂ ಸಾಯಿಸುತೆಗೂ ಅದೇ ಪೆನ್ಸಿಲ್, ಅದೇ ಮೂವತ್ತೇಳು.

ವಿಜ್ಞಾನಿ ಡಾರ್ವಿನ್ ಕೂಡ ಇಂಥ ನೋಟ್‌ಬುಕ್ಕು ಇಟ್ಟಿದ್ದ. 1838ರಿಂದ 1860ರವರೆಗೆ, ಓದಬೇಕಾದ್ದು ಬೇರೆ, ಓದಿದ್ದು ಬೇರೆ ಎಂದು ಬರೆದುಕೊಂಡ ಪಟ್ಟಿಗಳು ಇವತ್ತಿಗೂ ಉಳಿದಿವೆ. ಮುಪ್ಪಿನಲ್ಲಿ ಅವನಿಗೆ ಷೇಕ್ಸ್‌ಪಿಯರ್ ಕೂಡ ಬೇಸರ ತರಿಸುತ್ತಿದ್ದನಂತೆ. ಆದರೆ ಮನೆಯವರು ಓದಿ ಹೇಳುತ್ತಿದ್ದ ಕಾದಂಬರಿಗಳೆಂದರೆ ಪ್ರಾಣ, ಅವು ಮೇಲ್ದರ್ಜೆಯವೇ ಆಗಬೇಕೆಂಬ ಹಟವೂ ಇಲ್ಲ. ದುಃಖದಲ್ಲಿ ಮುಗಿಯುವ ಕಾದಂಬರಿಗಳ ವಿರುದ್ಧ ಕಾನೂನು ತರಬೇಕು ಎಂದು ಆತ್ಮಕಥೆಯಲ್ಲಿ ಬರೆದಿದ್ದಾನೆ. ಇದನ್ನು ಓದಿದ ದಿನ ನನಗೆ ಅವ್ವನೇ ನೆನಪಾದಳು. ಅವಳೂ ಲೈಬ್ರರಿಯಿಂದ ತಂದ ಪುಸ್ತಕದ ಕೊನೆಯ ಪುಟ ಮೊದಲು ಓದುತ್ತಿದ್ದಳು. ಯಾರಾದರೂ ಸತ್ತಿದ್ದರೆ ‘ವಾಪಸ್ ಕೊಟ್ಟು ಬಾ’. ‘ಶರಪಂಜರ’ ಒಂದಕ್ಕೆ ಮಾತ್ರ ಈ ಕಾನೂನು ನಡೆಯಲಿಲ್ಲ. ಕೊನೆ ಗೊತ್ತಿದ್ದೂ ಓದಿದಳು, ಎರಡು ದಿನ ಯಾರ ಹತ್ತಿರವೂ ನೆಟ್ಟಗೆ ಮಾತಾಡಲಿಲ್ಲ.

ಜನಪ್ರಿಯ ಕಾದಂಬರಿಯ ಬಗ್ಗೆ ಮೂಗು ಮುರಿಯುವವರಿಗೆ ನಮ್ಮ ಹರಪನಹಳ್ಳಿಯ ಬೀಚಿಯವರನ್ನು ತೋರಿಸುವುದು ನನ್ನ ರೂಢಿ. ಕನ್ನಡವೆಂದರೆ ಅಷ್ಟಕ್ಕಷ್ಟೇ ಎಂಬಂತಿದ್ದ ರಾಯಸಂ ಭೀಮಸೇನರಾಯರ, ಅಂದರೆ ಬೀಚಿಯವರ, ಕೈಗೆ ಅ.ನ.ಕೃ. ಅವರ ‘ಸಂಧ್ಯಾರಾಗ’ ಸಿಕ್ಕಿತು. ಆಮೇಲೆ ಅವರು ಕನ್ನಡ ಬಿಡಲೇ ಇಲ್ಲ. ಅವರ ನಗೆಬರಹದ ತಿಮ್ಮ ಹುಟ್ಟಿದ್ದು ಆ ಒಂದು ಓದಿನ ಹಿಂದಿನಿಂದ ಎಂದರೂ ನಡೆದೀತು.

ಪಟ್ಟಿ ನೆಟ್ಟಗಾದದ್ದು ಸಂಡೂರಿಗೆ ವರ್ಗವಾದ ಮೇಲೆ. ಅದಿರಿನ ಲಾರಿಗಳು ಹಗಲೂ ರಾತ್ರಿ ಹರಿಯುತ್ತಿದ್ದ ಕಾಲ. ಬಸ್ಸಿನಲ್ಲಿ ಪುಸ್ತಕ ತೆಗೆದರೆ ಅರ್ಧ ತಾಸಿನಲ್ಲಿ ಅಂಚು ಕೆಂಪು. ನೋಟ್‌ಬುಕ್ಕಿನ ಆ ವರ್ಷಗಳ ಪುಟಗಳ ಮೇಲೆ ನನ್ನ ಹೆಬ್ಬೆಟ್ಟು ಕಾಗದಪತ್ರಕ್ಕೆ ಒತ್ತಿದ ಹಾಗೆ ಕೆಂಪಗೆ ಬಿದ್ದಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ ಮೇಲಿನ ಪುಟಗಳು ಬೆಳ್ಳಗಿವೆ. ದಿನಾ ಎರಡು ತಾಸು ಅಂಥ ಬಸ್ಸಿನಲ್ಲಿ ಕುಲುಕಾಡುವವನಿಗೆ ಗಂಭೀರ ಸಾಹಿತ್ಯದ ಬಿಂಕ ಎಷ್ಟು ದಿನ ನಿಂತೀತು? ಬೆಳಿಗ್ಗೆ ಒಗ್ಗರಣೆ ಮಿರ್ಚಿ ತಿಂದು ಬಸ್ ಹತ್ತಿ, ಟಿ.ಕೆ. ರಾಮರಾಯರನ್ನು ಓದಿ ಮುಗಿಸಿ, ಮೊದಲ ಸಲ ಅದನ್ನು ಪಟ್ಟಿಗೆ ಬರೆದೆ. ‘ಒಂದು ಸಾಲಿನ ಮಾತು’ ಮನೆಯಲ್ಲಿ: ‘ಸ್ಟಾಪ್ ದಾಟಿ ಹೋದೆ.’ ಇದಕ್ಕಿಂತ ಒಳ್ಳೆಯ ವಿಮರ್ಶೆ ನಾನು ಮತ್ತೆ ಬರೆದಿಲ್ಲ.

ಆಮೇಲೆ ಪಟ್ಟಿಯೊಳಗೇ ಒಂದು ಮರಿಪಟ್ಟಿ ಹುಟ್ಟಿತು. ನಮ್ಮ ಸೀಮೆಯ ಮೇಲೆ ಬರೆದ ಕಾದಂಬರಿಗಳದ್ದು. ಹಂಪಿ ಸೈಕಲ್ ತುಳಿಯುವ ದೂರದಲ್ಲಿರುವವರಿಗೆ ಇದು ಸಹಜ. ಮೊದಲು ಗಳಗನಾಥರ ‘ಮಾಧವ ಕರುಣಾವಿಲಾಸ’, ವಿಜಯನಗರ ಹುಟ್ಟಿದ ಕಥೆ. ತಾವು ಬರೆದದ್ದನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು ಅವರು. ಕ್ಲಾಸಿಕ್ಕೋ ಪಾಪ್ಯುಲರ್ರೋ ಎಂದು ಅವರನ್ನು ಕೇಳುವುದು ಹೇಗೆ? ಕೆ.ಎನ್. ಗಣೇಶಯ್ಯನವರ ‘ಕರಿಸಿರಿಯಾನ’ದಲ್ಲಿ ವಿಜಯನಗರದ ನಿಧಿಯ ಬೇಟೆ. ಅದನ್ನೋದಿದ ಭಾನುವಾರವೇ ಗೆಳೆಯನೊಬ್ಬ ಟಾರ್ಚು ಹಿಡಿದು ಹಂಪಿಗೆ ಹೊರಟ. ಚಿನ್ನದ ಬದಲು ಬಿಸಿಲು ಹೊಡೆಸಿಕೊಂಡು ಬಂದ. ಭೈರಪ್ಪನವರ ‘ಆವರಣ’ (2007) ಶುರುವಾಗುವುದೇ ಹಂಪಿಯಲ್ಲಿ. ಅದರ ಮುಂದೆ ನಾನು ಬರೆದದ್ದು: ‘ಒಪ್ಪಲಿಲ್ಲ. ಕೆಳಗಿಡಲೂ ಆಗಲಿಲ್ಲ.’ ಈಗಲೂ ಆ ಸಾಲನ್ನು ತಿದ್ದುವುದಿಲ್ಲ. 2023ರಲ್ಲಿ ಬಂದ ಸಲ್ಮಾನ್ ರಷ್ದಿಯವರ ‘ವಿಕ್ಟರಿ ಸಿಟಿ’ಯಲ್ಲಿ ಬೀಜ ಬಿತ್ತಿದರೆ ಊರು ಮೊಳೆಯುತ್ತದೆ, ಪಂಪಾ ಕಂಪನ ಎಂಬ ಹೆಂಗಸು 247 ವರ್ಷ ಬದುಕುತ್ತಾಳೆ. ನಾನು ನಿಘಂಟು ಪಕ್ಕದಲ್ಲಿಟ್ಟುಕೊಂಡೇ ಓದಿದೆ. ಕಲ್ಲು ಕಂಡೇ ಬೆಳೆದ ನನಗೆ ಬೀಜದ ಕಲ್ಪನೆ ಹಿಡಿಸಿತು, ಆದರೆ ನಮ್ಮ ಬಿಸಿಲು ಆ ಪುಸ್ತಕದಲ್ಲಿ ಹೊಡೆಯುವುದಿಲ್ಲ.

ಬಿಸಿಲು ಬೇಕಾದರೆ ಕೊಟ್ಟೂರಿನ ಕುಂ. ವೀರಭದ್ರಪ್ಪನವರ ಹತ್ತಿರ ಹೋಗಬೇಕು. ‘ಅರಮನೆ’ಗೆ 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ತಂದೆ. ಮೂರು ಸಲ ಶುರು ಮಾಡಿ ಮೂರು ಸಲ ಬಿಟ್ಟೆ. ಪಟ್ಟಿಯಲ್ಲಿ ಬಿಟ್ಟ ಪುಸ್ತಕಕ್ಕೆ ‘ಬಿ’ ಎಂದು ಬರೆಯುವುದು ನನ್ನ ಪದ್ಧತಿ. ಅದರ ಮುಂದೆ ಮೂರು ‘ಬಿ’ಗಳಿವೆ. ಮಾತಿನ ಮಳೆ, ಉಸಿರಾಡಲು ಜಾಗವಿಲ್ಲ. ಒಂದು ದಿನ ಕರೆಂಟು ಹೋಗಿದ್ದಾಗ ಸುಮ್ಮನೆ ಅಂಗಳದಲ್ಲಿ ಕೂತು ಬಾಯಿಬಿಟ್ಟು ಓದತೊಡಗಿದೆ. ಅವ್ವ ಅಕ್ಕಿ ಆರಿಸುವುದನ್ನು ನಿಲ್ಲಿಸಿ ‘ಯಾರಪಾ ಇವ್ರು, ನಮ್ಮ ದೊಡ್ಡಪ್ಪ ಮಾತಾಡಿದಂಗೈತಿ’ ಅಂದಳು. ಕಣ್ಣಿನಿಂದ ಓದಬಾರದ ಪುಸ್ತಕ ಅದು. ಥಾಮಸ್ ಮನ್ರೋ ನಮ್ಮ ಸೀಮೆಗೆ ಕಲೆಕ್ಟರಾಗಿ ಬಂದ ಕಾಲದ ಕಥೆ, ಕೇಳಬೇಕು. ಮೂರು ‘ಬಿ’ಗಳ ಪಕ್ಕ ನಾಲ್ಕನೆಯ ತಾರೀಖು ಬಿತ್ತು.

ಅದೇ ‘ಅರಮನೆ’ ಈಗ ಗಂಗಾವತಿಯ ಗೆಳೆಯನ ಮನೆಯಲ್ಲಿದೆ. ‘ಕೊಟ್ಟದ್ದು’ ಎಂಬ ಮನೆಯೂ ಪಟ್ಟಿಯಲ್ಲಿ ಇರಬೇಕು ಎಂದು ತಡವಾಗಿ ಕಲಿತೆ. ಮಳೆಗಾಲದಲ್ಲಿ ಕೇಳಿದರೆ ‘ಕಂಪ್ಲಿ ಬ್ರಿಜ್ ಮುಳುಗೈತಲೇ, ಹೆಂಗ್ ಬರ್ಲಿ’ ಅನ್ನುತ್ತಾನೆ. ತುಂಗಭದ್ರಾ ಡ್ಯಾಮಿನಿಂದ ನೀರು ಬಿಟ್ಟಾಗ ಆ ಸೇತುವೆ ಮುಳುಗುವುದು ನಿಜವೇ. ಬೇಸಿಗೆಯಲ್ಲಿ, ಹೊಳೆಯಲ್ಲಿ ಎಮ್ಮೆ ಮುಳುಗುವಷ್ಟೂ ನೀರಿಲ್ಲದಾಗ, ಅವನಿಗೆ ಮೊಣಕಾಲು ನೋವು.

ಇಷ್ಟು ವರ್ಷದ ಮೇಲೆ ನೋಡಿದರೆ ಪುಸ್ತಕಗಳಿಗಿಂತ ತಾರೀಖುಗಳೇ ಹೆಚ್ಚು ಮಾತಾಡುತ್ತವೆ. ಮಗಳು ಹುಟ್ಟಿದ ವಾರ ಬೀಚಿ. ಅಪ್ಪ ಆಸ್ಪತ್ರೆಯಲ್ಲಿದ್ದಾಗ ‘ಕರ್ವಾಲೊ’, ಎರಡನೇ ಸಲ. 2021ರಿಂದ ಈಚೆಗೆ ‘ಎಲ್ಲಿ ಸಿಕ್ಕಿತು’ ಮನೆಯಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆ. ಸಂಡೂರು, ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿಹೋಯಿತಲ್ಲ, ಆ ವಾರ ಎರಡೇ ಪದ: ‘ಓದಿಲ್ಲ. ಡ್ಯಾಂ.’

ಆ ಬಾಡಿಗೆ ಲೈಬ್ರರಿ ಮುಚ್ಚಿ ಬಹಳ ಕಾಲವಾಯಿತು. ಅಲ್ಲೀಗ ಮೊಬೈಲ್ ಕವರ್ ಮಾರುತ್ತಾರೆ. ಪುಸ್ತಕಗಳು ತೂಕಕ್ಕೆ ಹೋದವು, ಅವುಗಳ ಜೊತೆ ಅವ್ವನ ಪಟ್ಟಿಯೂ. ರದ್ದಿ ಅಂಗಡಿ ಕಂಡರೆ ರಟ್ಟು ಹಾಕಿದ ಹಳೆಯ ಕಾದಂಬರಿ ಎತ್ತಿಕೊಂಡು 37ನೇ ಪುಟ ತಿರುವುವುದು ನನಗೊಂದು ಚಟ. ಒಮ್ಮೆಯೂ ಸಿಕ್ಕಿಲ್ಲ. 50ರ ಕೂಡಿಸುವ ಚಿಹ್ನೆ ಮಾತ್ರ ಒಂದು ಸಲ ಸಿಕ್ಕಿತು, ಇಪ್ಪತ್ತು ರೂಪಾಯಿ ಕೊಟ್ಟು ತಂದೆ.

ಅವ್ವನಿಗೆ ಈಗ ಎಂಬತ್ತು ದಾಟಿದೆ. ಕಣ್ಣಿನ ಪೊರೆ ತೆಗೆಸಿದರೂ ಸಣ್ಣ ಅಕ್ಷರ ಹತ್ತುವುದಿಲ್ಲ. ರಾತ್ರಿ ಊಟವಾದ ಮೇಲೆ ನಾನೇ ಓದುತ್ತೇನೆ. ಸದ್ಯ ಸಂಡೂರಿನವರೇ ಆದ ವಸುಧೇಂದ್ರರ ‘ತೇಜೋ-ತುಂಗಭದ್ರಾ’ ನಡೆದಿದೆ. ಲಿಸ್ಬನ್ನಿನಲ್ಲೂ ಒಂದು ಹೊಳೆ ಇದೆ ಎಂಬುದು ಅವಳಿಗೆ ದೊಡ್ಡ ಸುದ್ದಿಯೇನಲ್ಲ. ಕಥೆಯ ಹುಡುಗ ಅಷ್ಟು ದೂರದಿಂದ ಹಡಗು ಹತ್ತಿ ಬಂದು ನಮ್ಮ ಹೊಳೆಯ ದಂಡೆಗೆ ಯಾಕೆ ಬೀಳಬೇಕಿತ್ತು ಅನ್ನುವುದೇ ಸಂಕಟ. ‘ಕೊನೀ ಪುಟ ಮೊದ್ಲು ಓದು’ ಎಂದು ದಿನಾ ಹೇಳುತ್ತಾಳೆ. ನಾನು ಓದುವುದಿಲ್ಲ. ‘ಯಾರರ ಸಾಯ್ತಾರೇನು, ಅಷ್ಟು ಹೇಳು’ ಅಂದರೂ ಬಾಯಿ ಬಿಡುವುದಿಲ್ಲ. ತಲೆದಿಂಬಿನ ಕೆಳಗೆ ಪೆನ್ಸಿಲ್ ಇಟ್ಟುಕೊಂಡಿದ್ದಾಳೆ.

ನಿನ್ನೆ ರಾತ್ರಿ 212ನೇ ಪುಟಕ್ಕೆ ನಿಲ್ಲಿಸಿದೆವು.